ಎಂಟು ಆಳಿನ ಕಲಾಕ್ರಾಂತಿ

ಜಗತ್ತನ್ನು ಸರಿಮಾಡುತ್ತೇವೆ ಎಂದು ಕಾಗದದ ಮೇಲೆ ಬರೆದು, ಅದನ್ನು ನಾಲ್ಕು ಜನರ ಎದುರು ಗಟ್ಟಿಯಾಗಿ ಓದುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೋಹ. ನೂರು ವರ್ಷಕ್ಕೂ ಹಿಂದೆ ಯುರೋಪಿನ ಚಿತ್ರಕಾರರು ಈ ಕೆಲಸವನ್ನು ಬಹಳ ಹುರುಪಿನಿಂದ ಮಾಡಿದರು. ಅವರದು ಗುಂಪಿಗೊಂದು ಪ್ರಣಾಳಿಕೆ. ಒಂದು ಗುಂಪು ಹಳೆಯದನ್ನೆಲ್ಲ ಸುಟ್ಟುಹಾಕಿ ಎಂದಿತು. ಇನ್ನೊಂದು, ಗೆರೆಗಳು ನೆಟ್ಟಗಾದರೆ ಮನುಷ್ಯರೂ ನೆಟ್ಟಗಾಗುತ್ತಾರೆ ಎಂದು ನಂಬಿತು. ಮತ್ತೊಂದು, ಚಿತ್ರ ಬರೆಯುವವನಿಗೂ ಗಾರೆ ಮೆತ್ತುವವನಿಗೂ ವ್ಯತ್ಯಾಸವೇ ಬೇಡ, ಎಲ್ಲರೂ ಸೇರಿ ಹೊಸ ಲೋಕ ಕಟ್ಟೋಣ ಎಂದಿತು. ಮೂವತ್ತು ವರ್ಷ ಕೊಪ್ಪದ ಕಡೆಯ ಶಾಲೆಯೊಂದರಲ್ಲಿ ಹೂಜಿ, ಬಾಳೆಹಣ್ಣು, ಮಡಚಿಟ್ಟ ಟವೆಲ್ಲು ಬರೆಯಿಸುತ್ತಿದ್ದ ಡ್ರಾಯಿಂಗ್ ಮೇಷ್ಟ್ರಾದ ನಾನು ಇವನ್ನೆಲ್ಲ ಓದಿಕೊಂಡು ಒಳಗೊಳಗೇ ಉರಿಯುತ್ತಿದ್ದೆ. ಆ ಹಿರಿಯರ ಮೇಲೆ ಈಗ ನನಗೆ ಒಂದೇ ಸಿಟ್ಟು. ಇಷ್ಟೆಲ್ಲ ಬರೆದವರು, ಈ ಕಾಗದವನ್ನು ಮೆಣಸೆಯ ಹಾಲಿನ ಡೇರಿಯಲ್ಲಿ ಓದಬಾರದು ಎಂದು ಒಂದು ಸಾಲು ಸೇರಿಸಬಹುದಿತ್ತು.

ನಾನು ಓದಿದ್ದು ಅಲ್ಲೇ. ನಿವೃತ್ತಿಯಾದ ಮೇಲೆ ಹೆಂಡತಿ ಸುಮಿತ್ರಳ ಊರಾದ ಮೆಣಸೆಗೆ ಬಂದು ನೆಲೆಸಿದ್ದೇವೆ. ಅವಳಿಗೆ ಅವಳಪ್ಪ ಕೊಟ್ಟ ಸಣ್ಣ ಗದ್ದೆಯೊಂದಿದೆ. ನನಗೆ ಮಾಡಲು ಕೆಲಸವಿರಲಿಲ್ಲ, ಹಾಗಾಗಿ ಒಂದು ಪ್ರಣಾಳಿಕೆ ಬರೆದೆ. ಒಂಬತ್ತು ಅಂಶ. ರಸ್ತೆ ಬದಿಯ ಬಸ್ ತಂಗುದಾಣದ ಬೂಸಲು ಹಿಡಿದ ಗೋಡೆಗಳ ಮೇಲೆ ಊರವರೇ ಸೇರಿ ಶುದ್ಧವಾದ ವೃತ್ತ, ತ್ರಿಕೋನ, ಚೌಕಗಳನ್ನು ಬರೆಯಬೇಕು. ಅದನ್ನು ನೋಡುತ್ತ ಬಸ್ಸಿಗೆ ಕಾಯುವವರು ನಿಧಾನಕ್ಕೆ ಹೊಸ ಮನುಷ್ಯರಾಗಬೇಕು. ನಮ್ಮ ಬಸ್ಸುಗಳು ಬರುವ ಹೊತ್ತನ್ನು ಲೆಕ್ಕ ಹಾಕಿದರೆ ಅಷ್ಟು ಬದಲಾವಣೆಗೆ ಸಮಯ ಧಾರಾಳವಾಗಿತ್ತು.

ಬೆಳಿಗ್ಗೆ ಹಾಲು ಹಾಕಲು ಬಂದವರ ಮುಂದೆ ನಿಂತು ಒಂಬತ್ತನ್ನೂ ಓದಿದೆ. ಎಲ್ಲರೂ ಮೌನವಾಗಿ ಕೇಳಿದರು ಎಂದು ನನ್ನ ನೆನಪು. ಇಷ್ಟು ಅಚ್ಚುಕಟ್ಟಾದ ನೆನಪು ಬಂದಾಗೆಲ್ಲ ನನಗೆ ಅನುಮಾನ ಬರುತ್ತದೆ. ಬಹುಶಃ ಯಾರೋ ಕ್ಯಾನು ತೊಳೆಯುತ್ತಿದ್ದರು, ಯಾರೋ ಫೋನಿನಲ್ಲಿದ್ದರು. ಮುಂದಿನದಕ್ಕೆ ಮಾತ್ರ ಸಾಕ್ಷಿಗಳಿದ್ದಾರೆ. ಊರಿನಲ್ಲಿ ಎಲ್ಲರೂ ಮಾತು ಕೇಳುವ ಶೇಷೇಗೌಡರು ಕ್ಯಾನು ಕೆಳಗಿಟ್ಟು, ಪ್ರಣಾಳಿಕೆ ಅಂತೀರಿ, ನೀವು ಯಾವ ಪಾರ್ಟಿಯಿಂದ ನಿಲ್ಲುತ್ತಿದ್ದೀರಿ ಎಂದು ವಿಚಾರಿಸಿದರು. ಅದಲ್ಲ ಎಂದು ತಿಳಿಹೇಳಿದೆ. ಆಮೇಲೆ ಅವರು ಮೂರನೆಯ ಅಂಶವನ್ನು ಹಿಡಿದುಕೊಂಡರು.

"ಕೂಲಿ ಇಲ್ಲ, ಯಜಮಾನ ಇಲ್ಲ ಅಂದ್ರಲ್ಲ ಮೇಷ್ಟ್ರೇ, ಹಂಗಾದ್ರೆ ಹ್ಯಾಂಗೆ ಇದು?"

ನಾನು ಆವೇಶದಲ್ಲಿದ್ದೆ. "ಇವತ್ತು ನೀವೆಲ್ಲ ನನ್ನ ಜೊತೆ ನಿಲ್ಲಿ ಗೌಡ್ರೇ. ನಾಳೆ ನಿಮ್ಮ ಜೊತೆ ನಾನು ನಿಲ್ತೀನಿ" ಎಂದೆ.

"ಹಾಂ, ಹಂಗೆ ಹೇಳಿ ಮತ್ತೆ" ಎಂದರು ಗೌಡರು. ಅವರ ಮುಖದಲ್ಲಿ ಅರ್ಥವಾದ ಕಳೆ ಮೂಡಿತು. ಯುರೋಪಿನಲ್ಲಿ ಯಾರಿಗೂ ಸಿಗದ ತಿಳುವಳಿಕೆಯ ಶ್ರೋತೃಗಳು ನನಗೆ ಸಿಕ್ಕಿದ್ದಾರೆ ಎಂದು ನಾನು ಮನೆಯವರೆಗೂ ಉಬ್ಬಿಕೊಂಡೇ ಬಂದೆ.

ಆ ವಾರ ಸುಮಿತ್ರ ನರಸಿಂಹರಾಜಪುರದ ಅಕ್ಕನ ಮನೆಗೆ ಹೋಗಿದ್ದಳು. ಅವಳು ಇದ್ದಿದ್ದರೆ ಈ ಕ್ರಾಂತಿ ಡೇರಿಯಲ್ಲೇ ನಿಲ್ಲುತ್ತಿತ್ತು. ನಾನು ಕೊಪ್ಪಕ್ಕೆ ಹೋಗಿ ಕೆಂಪು, ಹಳದಿ, ಕಪ್ಪು ಬಣ್ಣದ ಡಬ್ಬಿಗಳನ್ನು ತಂದೆ. ಹೇಳಿದ ದಿನ ಎಂಟು ಮನೆಯಿಂದ ಎಂಟು ಜನ ಬಂದರು. ಒಬ್ಬರು ಹೆಚ್ಚಿಲ್ಲ, ಒಬ್ಬರು ಕಡಿಮೆಯಿಲ್ಲ. ಆ ಎಂಟು ಎನ್ನುವ ಸಂಖ್ಯೆಯಲ್ಲೇ ಏನೋ ಇದೆ ಎಂದು ನನಗೆ ಹೊಳೆಯಬೇಕಿತ್ತು. ನಾನು ಹೊಸ ಮಾನವನ ಗುಂಗಿನಲ್ಲಿದ್ದೆ. ಅವರೋ ಗದ್ದೆಗಿಳಿದವರ ಹಾಗೆ ಸಾಲಾಗಿ ನಿಂತು, ಎಡದಿಂದ ಬಲಕ್ಕೆ ಒಂದೇ ಸಮನೆ ಬಣ್ಣ ಬಳಿಯುತ್ತ ಬಂದರು. ನಾನು ಸೀಮೆಸುಣ್ಣದಲ್ಲಿ ಗುರುತಿಸಿಟ್ಟ ದೊಡ್ಡ ಕೆಂಪು ವೃತ್ತ ಮಧ್ಯಾಹ್ನದೊಳಗೇ ಮುಗಿಯಿತು. ಊಟದ ಹೊತ್ತಿಗೆ ಬೇಕರಿಯಿಂದ ತಂದ ಬನ್ನು, ಫ್ಲಾಸ್ಕಿನ ಚಾ ಹಂಚಿದೆ. ಪಕ್ಕದ ಮನೆಯ ಲಲಿತಕ್ಕ ಬನ್ನನ್ನು ತಿರುಗಿಸಿ ತಿರುಗಿಸಿ ನೋಡಿ, "ಕೆಲ್ಸಕ್ಕೆ ಕರ್ದು ಬನ್ನು ಕೊಡೋರ್ನ ಇವತ್ತೇ ನೋಡಿದ್ದು. ಹೊಸ ಲೋಕ ಅಂದ್ರೆ ಇದೇ ಇರ್ಬೇಕು" ಎಂದಳು. ನಾನೂ ಜೊತೆಗೆ ನಕ್ಕೆ. ಅದು ತಮಾಷೆಯಲ್ಲ, ದೂರು ಎಂದು ತಿಳಿದದ್ದು ಆಮೇಲೆ.

ಸುಮಿತ್ರ ಬಸ್ಸಿಳಿದದ್ದು ಆ ವೃತ್ತದ ಎದುರಿಗೇ. ಮನೆಗೆ ಬಂದವಳು ಚೀಲವನ್ನೂ ಇಳಿಸದೆ, ಯಾರ್ಯಾರು ಬಂದಿದ್ದರು ಎಂದು ಕೇಳಿದಳು. ಹೆಮ್ಮೆಯಿಂದ ಎಂಟು ಹೆಸರನ್ನೂ ಹೇಳಿದೆ. ಅವಳು ಜಗಲಿಯಲ್ಲೇ ಕುಳಿತುಬಿಟ್ಟಳು.

ವಿಷಯ ಇಷ್ಟು. ನಮ್ಮಲ್ಲಿ ನಟ್ಟಿಗೆ, ಅಂದರೆ ಭತ್ತದ ನಾಟಿಗೆ, ಆಳು ಸಿಗುವುದಿಲ್ಲ. ಅವಳ ಗದ್ದೆ ಮೆಟ್ಟಿಲು ಮೆಟ್ಟಿಲಾಗಿ ಇಳಿದಿದೆ, ಅಲ್ಲಿಗೆ ನಾಟಿ ಮೆಷಿನ್ನೂ ಇಳಿಯುವುದಿಲ್ಲ. ಹಾಗಾಗಿ ಈ ಎಂಟು ಮನೆಯವರೂ ಸುಮಿತ್ರಳೂ ಮುಯ್ಯಾಳಿನ ಮೇಲೆ ಕೆಲಸ ಮಾಡಿಕೊಳ್ಳುತ್ತಾರೆ. ಇವತ್ತು ಅವರು ಇವಳ ಗದ್ದೆಗೆ, ನಾಳೆ ಇವಳು ಅವರ ಗದ್ದೆಗೆ. ದಿನಕ್ಕೆ ದಿನ, ಆಳಿಗೆ ಆಳು, ಮಧ್ಯಾಹ್ನದ ಊಟ ಕರೆದ ಮನೆಯವರದು. ಒಂದು ಸಲ ಕರೆದರೆ ಅದನ್ನು ತೀರಿಸದೆ ಎರಡನೆಯ ಸಲ ಕರೆಯುವಂತಿಲ್ಲ. ಮುಯ್ಯಾಳು ಗೊತ್ತಿಲ್ಲದವನೇನೂ ನಾನಲ್ಲ. ಆದರೆ ಅದು ಗದ್ದೆಗೆ ಸಂಬಂಧಪಟ್ಟದ್ದು, ಅಮೂರ್ತ ಕಲೆಗಲ್ಲ ಎಂದು ಭಾವಿಸಿದ್ದೆ.

"ಅದು ಕಲೆ ಕಣೇ, ಕೆಲಸ ಅಲ್ಲ" ಎಂದೆ.

"ಅವ್ರು ಅವ್ರ ಕೆಲ್ಸ ಬಿಟ್ಟು ಬಂದಿದ್ದು ಹೌದೋ ಅಲ್ವೋ?"

"ಹೌದು."

"ಮತ್ತೆ ಎಂತ ಕಲೆ? ಮಳೆ ಹಿಡಿಯೂದ್ರೊಳಗೆ ಎಂಟೂ ತೀರ್ದೆ ಇದ್ರೆ ನನ್ನ ಗದ್ದೆಗೆ ಯಾರನ್ನ ಕರೀಲಿ ನಾನು? ಅಗೆ ಅಲ್ಲೇ ಬಲಿತು ಹುಲ್ಲಾಗುತ್ತೆ."

ಅಗೆ ಎಂದರೆ ಭತ್ತದ ಸಸಿ. ಅದು ಬಲಿತರೆ ಮುಗಿಯಿತು, ಆ ವರ್ಷ ಗದ್ದೆ ಬೀಳು. ಅವಳು ಹುಡುಗಿಯಾಗಿದ್ದಾಗಿನಿಂದ ಆ ಗದ್ದೆ ಒಂದು ವರ್ಷವೂ ಬೀಳು ಬಿದ್ದಿಲ್ಲವಂತೆ. ಇದನ್ನು ಅವಳು ಜಗಳದ ದನಿಯಲ್ಲಿ ಹೇಳಿದ್ದರೆ ನಾನು ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಅವಳು ಸುಮ್ಮನೆ ಹೇಳಿ, ಎದ್ದು ಒಳಗೆ ಹೋದಳು.

ಮರುದಿನ ನಾನು ಮಾಡಿದ್ದನ್ನು ಆ ಯುರೋಪಿನ ಹಿರಿಯರು ನೋಡಿದ್ದರೆ ನನ್ನನ್ನು ಎಲ್ಲ ಚಳವಳಿಗಳಿಂದಲೂ ಹೊರಗೆ ಹಾಕುತ್ತಿದ್ದರು. ಕೂಲಿಯನ್ನು ರದ್ದುಪಡಿಸಿದ ನಾನು ಜೇಬಿನಲ್ಲಿ ಕೂಲಿ ಹಣ ಇಟ್ಟುಕೊಂಡು ಶೇಷೇಗೌಡರ ಮನೆ ಬಾಗಿಲಿಗೆ ಹೋಗಿ, ದಯವಿಟ್ಟು ತೆಗೆದುಕೊಳ್ಳಿ ಎಂದು ಗೋಗರೆದೆ. ಗೌಡರು ನೋಟಿನ ಕಡೆ ತಿರುಗಿಯೂ ನೋಡಲಿಲ್ಲ. ದುಡ್ಡಿಗೆ ಬರುವುದಾಗಿದ್ದರೆ ಅವತ್ತೇ ಹೇಳುತ್ತಿದ್ದೆವು, ನೀವೇ ಅಲ್ಲವೇ ಕೂಲಿ ಇಲ್ಲ ಎಂದು ಓದಿದ್ದು ಎಂದರು. ಒಂದು ಸಲ ದುಡ್ಡು ನಡುವೆ ಬಂದರೆ ಸುಮಿತ್ರಕ್ಕನೂ ಇನ್ನು ದುಡ್ಡು ಕೊಟ್ಟೇ ಕರೆಯಬೇಕಾಗುತ್ತದೆ, ಅದು ಆಗುವ ಮಾತಲ್ಲ ಎಂದೂ ತಿಳಿಸಿದರು. ನನ್ನ ಮೂರನೆಯ ಅಂಶವನ್ನು ಇಷ್ಟು ಕಟ್ಟುನಿಟ್ಟಾಗಿ ಪಾಲಿಸುವ ಅನುಯಾಯಿ ಸಿಕ್ಕಿದ್ದಕ್ಕೆ ಸಂತೋಷಪಡಬೇಕಿತ್ತು. ನನಗೆ ಅಳು ಬಂತು.

ಆದದ್ದಾಗಲಿ ಎಂದು ಎಂಟು ಮನೆಯ ಎಂಟು ದಿನ ತೀರಿಸಲು ನಾನೇ ಇಳಿದೆ. ಮೊದಲು ಗೌಡರ ಮನೆಯ ಸರದಿ. ಕಾಡಂಚಿಗೆ ಹೋಗಿ ಒಣಗಿದ ಎಲೆ ಗುಡಿಸಿ, ಹೆಡಿಗೆಗೆ ತುಂಬಿ, ತಲೆಯ ಮೇಲೆ ಹೊತ್ತು ತಂದು ಕೊಟ್ಟಿಗೆಗೆ ಹಾಕುವ ಕೆಲಸ. ಹೆಡಿಗೆ ಎಂದರೆ ಬೆತ್ತದ ದೊಡ್ಡ ಬುಟ್ಟಿ. ಒಣ ಎಲೆಗೆ ಏನು ಭಾರ ಎಂದುಕೊಂಡಿದ್ದೆ. ಅದನ್ನು ತುಳಿದು ತುಳಿದು ತುಂಬುತ್ತಾರೆ ಎಂದು ಯಾವ ಪುಸ್ತಕದಲ್ಲೂ ಇರಲಿಲ್ಲ. ನಾನು ತುಳಿಯದೆ ತುಂಬಿದೆ. ಎರಡು ಸಲ ಜಾರಿದೆ. ಒಂದು ಸಲ ಹೆಡಿಗೆಯೇ ನನ್ನ ಮೇಲೆ ಬಂತು. ಲಲಿತಕ್ಕ ನನ್ನ ಬುಟ್ಟಿಯೊಳಗೆ ಕೈ ಹಾಕಿ, "ಇದ್ರಲ್ಲಿ ಎಲೆಗಿಂತ ಗಾಳಿನೇ ಜಾಸ್ತಿ ಹೊತ್ತೀರಲ್ಲ ಮಾರಾಯ್ರೇ" ಎಂದು ನಿಟ್ಟುಸಿರು ಬಿಟ್ಟಳು.

ಸಂಜೆ ಕೊಟ್ಟಿಗೆಯ ಎದುರು ಒಂದು ಸಣ್ಣ ಪಂಚಾಯಿತಿಯೇ ನಡೆಯಿತು. ಮೇಷ್ಟ್ರ ಈ ದಿನವನ್ನು ಒಂದು ಆಳು ಎಂದು ಹಿಡಿಯುವುದೋ ಅರ್ಧ ಆಳು ಎಂದು ಹಿಡಿಯುವುದೋ ಎನ್ನುವುದು ಪ್ರಶ್ನೆ. ನಾನು ಮೈಯೆಲ್ಲ ತರಗೆಲೆ ಅಂಟಿಸಿಕೊಂಡು ನಿಂತೇ, ಎಲ್ಲ ಕೈಗಳೂ ಸಮಾನ ಎಂದು ನಮ್ಮ ಐದನೆಯ ಅಂಶದಲ್ಲಿ ಸ್ಪಷ್ಟವಾಗಿದೆ ಎಂದು ವಾದಿಸಿದೆ.

ಗೌಡರು ಬಹಳ ಮರ್ಯಾದೆಯಿಂದ ಉತ್ತರ ಕೊಟ್ಟರು. "ಕಾಗದದಲ್ಲಿ ಸಮ ಇರ್ಬಹುದು ಮೇಷ್ಟ್ರೇ. ಹೆಡಿಗೇಲಿ ಅಷ್ಟು ಸಮ ಇಲ್ಲ."

ಕೊನೆಗೆ ವಯಸ್ಸು ನೋಡಿ ಒಂದು ಆಳು ಎಂದೇ ಹಿಡಿದರು. ಕಲಾಜೀವನದಲ್ಲಿ ನನಗೆ ಸಿಕ್ಕ ವಿಮರ್ಶೆಗಳಲ್ಲಿ ಇದೇ ಎಲ್ಲಕ್ಕಿಂತ ಉದಾರವಾದದ್ದು.

ಬಂದ ನೆಂಟರಿಗೆಲ್ಲ ನಾನು ಈ ಕತೆ ಹೇಳುತ್ತೇನೆ. ಹೇಳುವಾಗ ನಾನು ಎಂಟರಲ್ಲಿ ನಾಲ್ಕು ದಿನ ದುಡಿದೆ ಎಂದು ಬರುತ್ತದೆ. ಬದು ಕಟ್ಟಿದ್ದು, ಬೇಲಿಗೆ ಗೂಟ ಹೊಡೆದದ್ದು, ಮಣ್ಣಿನ ವಾಸನೆ, ಎಲ್ಲವೂ ಕಣ್ಣಿಗೆ ಕಟ್ಟಿದ ಹಾಗಿದೆ. ಹೋದ ವಾರ ಹೀಗೆ ಹೇಳುತ್ತಿದ್ದಾಗ ಸುಮಿತ್ರ ಚಾ ಲೋಟ ಇಡುತ್ತ, "ಒಂದೂವರೆ" ಎಂದಳು. ಅಷ್ಟೇ ಅಂದಳು. ನೆಂಟರು ಹೋದ ಮೇಲೆ ಕೂತು ಯೋಚಿಸಿದೆ. ಗೌಡರದು ಒಂದು. ಎರಡನೆಯ ಮನೆಯಲ್ಲಿ ಮಧ್ಯಾಹ್ನ ಸೊಂಟ ಹಿಡಿದು, ನನ್ನನ್ನು ಯಾರದೋ ಬೈಕಿನ ಹಿಂದೆ ಕೂರಿಸಿ ಕಳಿಸಿದ್ದರು. ಹಾಗಾದರೆ ಆ ಬದು, ಆ ಬೇಲಿ? ಅವನ್ನು ಸುಮಿತ್ರ ಸಂಜೆ ಬಂದು ಕಾಲು ತೊಳೆಯುತ್ತ ಹೇಳಿರಬೇಕು, ನಾನು ಎಣ್ಣೆ ಹಚ್ಚಿಕೊಂಡು ಮಲಗಿದಲ್ಲಿಂದ ಕೇಳಿರಬೇಕು. ಉಳಿದ ಆರೂವರೆ ದಿನ ಬೆಳಿಗ್ಗೆ ತಲೆಗೆ ಬಟ್ಟೆ ಸುತ್ತಿಕೊಂಡು ಹೊರಡುತ್ತಿದ್ದವಳು ಅವಳು. ನಾನು ಆಗ ಸಾಮೂಹಿಕ ಶ್ರಮದ ಸೌಂದರ್ಯದ ಬಗ್ಗೆ ಟಿಪ್ಪಣಿ ಮಾಡಿಕೊಳ್ಳುತ್ತಿದ್ದೆ. ಆ ಟಿಪ್ಪಣಿ ಚೆನ್ನಾಗಿಯೇ ಬಂದಿದೆ, ಅದೇ ಇನ್ನೂ ಬೇಜಾರು.

ತಂಗುದಾಣದಲ್ಲಿ ಹೊಸ ಮನುಷ್ಯರು ಈತನಕ ತಯಾರಾಗಿಲ್ಲ. ಶೃಂಗೇರಿಯ ಬಸ್ಸಿಗೆ ಕಾಯುವವರು ಕೆಂಪು ವೃತ್ತಕ್ಕೆ ಬೆನ್ನು ಕೊಟ್ಟು ಕೂರುತ್ತಾರೆ, ಮೊದಲು ಬೂಸಲಿಗೆ ಕೊಡುತ್ತಿದ್ದ ಹಾಗೆಯೇ. ಅದನ್ನು ಹೇಳಿ ನಾನು ಒಂದು ದಿನ ಕೊರಗಿದಾಗ ಸುಮಿತ್ರ, ಬೆನ್ನಿಗೆ ಬೂಸಲು ಹತ್ತುವುದು ನಿಂತಿದೆಯಲ್ಲ, ಸಾಕು ಬಿಡಿ ಎಂದಳು.

ಇವತ್ತು ಸುಮಿತ್ರಳ ಗದ್ದೆಯ ನಟ್ಟಿ. ಎಂಟು ಮನೆಯವರೂ ಏಳು ಗಂಟೆಗೇ ಬಂದು ಇಳಿದಿದ್ದಾರೆ. ಅಗೆ ಹಸಿರಾಗಿದೆ, ಬಲಿತಿಲ್ಲ. ನನ್ನನ್ನು ಗದ್ದೆಯ ಹತ್ತಿರ ಬರಬೇಡಿ ಎಂದು ಸುಮಿತ್ರ ಕೇಳಿಕೊಂಡಿದ್ದಾಳೆ, ಎಲ್ಲರ ಪರವಾಗಿಯೂ. ನನ್ನ ಪಾಲಿಗೆ ಬಂದದ್ದು ಮಧ್ಯಾಹ್ನದ ಊಟ. ಒಂದು ಗಂಟೆಗೆ ಒಂಬತ್ತು ಜನಕ್ಕೆ ಅನ್ನ, ಹುಳಿ, ಮಜ್ಜಿಗೆ ಗದ್ದೆಯ ಬದುವಿಗೆ ಮುಟ್ಟಬೇಕು. ಈ ಸಲವೂ ಹೊಟ್ಟೆಗೆ ಸರಿಯಾಗಿ ಬೀಳದಿದ್ದರೆ ಮುಂದಿನ ವರ್ಷ ಬರುವುದಿಲ್ಲ ಎಂದು ಲಲಿತಕ್ಕ ನಗುತ್ತ ಹೇಳಿ ಹೋಗಿದ್ದಾಳೆ. ಅವಳ ನಗುವಿನ ಅರ್ಥ ನನಗೆ ಈಗ ಗೊತ್ತು. ಏನೇನು ಮಾಡಬೇಕೆಂದು ಸುಮಿತ್ರ ಹಾಳೆಯಲ್ಲಿ ಬರೆದು ಒಲೆಯ ಮೇಲಿನ ಗೋಡೆಗೆ ಅಂಟಿಸಿದ್ದಾಳೆ. ಅದರಲ್ಲಿ ಭವಿಷ್ಯದ ಮಾತೇ ಇಲ್ಲ; ಮೊದಲು ಬೇಳೆ, ಆಮೇಲೆ ಅಕ್ಕಿ, ಉಪ್ಪು ಕೊನೆಗೆ, ಬಡಿಸುವಾಗ ಏನೂ ಓದಿ ಹೇಳಬೇಡಿ, ಇಷ್ಟೇ. ಎಷ್ಟು ಸ್ಪಷ್ಟವಾಗಿದೆ, ಎಷ್ಟು ಆಚರಣೆಗೆ ಬರುವಂತಿದೆ ಎಂದು ಮೆಚ್ಚಿಕೊಂಡು, ಇದರ ಬಗ್ಗೆ ನಾಲ್ಕು ಸಾಲು ಬರೆಯೋಣ ಎಂದು ಅಡುಗೆಮನೆಯ ಮೆಟ್ಟಿಲ ಮೇಲೆ ಕುಳಿತೆ.

ಈಗ ಕೆಳಗಿನಿಂದ ಲಲಿತಕ್ಕನ ದನಿ ಕೇಳುತ್ತಿದೆ. ಅನ್ನ ಆಯಿತೇ ಎಂದು ಕೇಳುತ್ತಿದ್ದಾಳೆ. ಆಯಿತು ಎಂದು ಕೂಗಿ ಹೇಳಿದ್ದೇನೆ. ಗಡಿಯಾರದಲ್ಲಿ ಹನ್ನೆರಡೂವರೆ. ಅಕ್ಕಿ ಇನ್ನೂ ಡಬ್ಬಿಯಲ್ಲಿದೆ.