ಸೈಕಲ್ ಲೇನಿನಲ್ಲಿ ಸರ್ಕಾರ

ಸರ್ಕಾರಿ ಗಾಡಿ ಕಣ್ಣಿಗೆ ಬಿದ್ದ ದಿನ ನನಗೆ ಏನಾದರೊಂದು ಆಗಿಯೇ ತೀರುತ್ತದೆ. ಕಂಪನಿ ಅಂದಮೇಲೆ ಹೆಸರಿನ ಬಾಲಕ್ಕೆ ಡಾಟ್ ಕಾಮ್ ಇರಲೇಬೇಕಿದ್ದ ಕಾಲದಲ್ಲಂತೂ ವಾರಕ್ಕೊಂದು ಸಲ ಆಗುತ್ತಿತ್ತು. ನಾನಾಗ ರೆಡ್‌ವುಡ್ ಸಿಟಿಯ ಹತ್ತಿರ ಒಂದು ಪುಟ್ಟ ಕಂಪನಿಯಲ್ಲಿದ್ದೆ. ಮನೆಗೆ ಇದ್ದದ್ದು ಒಂದೇ ಕಾರು, ಅದು ಯಜಮಾನರಿಗೆ. ಫ್ರೀವೇಯಲ್ಲಿ ಕಾರು ಓಡಿಸಲು ಹೆದರುತ್ತಿದ್ದ ನನಗೆ ಸೈಕಲ್ಲು. ರಸ್ತೆಯಂಚಿಗೆ ಬಿಳಿ ಗೆರೆ ಎಳೆದು ಸೈಕಲ್ಲಿಗೇ ಅಂತ ಒಂದು ಲೇನು ಬಿಟ್ಟಿದ್ದರು. ಅಲ್ಲಿ ನೀವೋ ನಾನೋ ಕಾರು ನಿಲ್ಲಿಸಿದರೆ ದಂಡ. ಸರ್ಕಾರದವರು ನಿಲ್ಲಿಸಿದರೆ, ಪಕ್ಕದಲ್ಲಿ ಧಡಧಡ ಓಡುವ ಲಾರಿಗಳ ನಡುವೆ ನುಗ್ಗಿ ಸುತ್ತು ಹಾಕುವುದು ನನ್ನ ಪಾಡು. ವೀಸಾ ಕಂಪನಿಯ ಕೈಯಲ್ಲಿ, ಜೀವ ಲಾರಿಯವನ ಕೈಯಲ್ಲಿ.

ಅರ್ಧ ಕ್ಷೌರ

ಒಂದು ಬೆಳಿಗ್ಗೆ ಲೇನಿಗೆ ಅಡ್ಡಲಾಗಿ ಪೊಲೀಸ್ ಕಾರು. ಒಳಗೆ ಯಾರೂ ಇಲ್ಲ. ಎಡಕ್ಕೆ ಹೊರಳೋಣ ಅಂದರೆ ಲಾರಿಗಳ ಸಾಲು. ಫುಟ್‌ಪಾತ್ ಹತ್ತೋಣ ಅಂದರೆ ಅಲ್ಲಿ ಸೈಕಲ್ ಓಡಿಸಬಾರದು ಅಂತ ಬೋರ್ಡು. ಪೊಲೀಸ್ ಕಾರಿನ ಪಕ್ಕದಲ್ಲೇ ಕಾನೂನು ಮುರಿಯುವಷ್ಟು ಧೈರ್ಯ ನಮ್ಮ ವಂಶದಲ್ಲೇ ಯಾರಿಗೂ ಇಲ್ಲ. ಕಾರಿನ ಹಿಂದೆ ಸೈಕಲ್ ಹಿಡಿದು ಸುಮ್ಮನೆ ನಿಂತೆ.

ಕಾಲು ಗಂಟೆಯಾದ ಮೇಲೆ ಪಕ್ಕದ ಕ್ಷೌರದಂಗಡಿಯಿಂದ ಆಫೀಸರ್ ಹೊರಗೆ ಬಂದ. ಆರಡಿಗೂ ಮೇಲಿನ ಆಳು. ಅರ್ಧ ತಲೆಯ ಕೂದಲಷ್ಟೇ ಕತ್ತರಿಸಿದೆ, ಕೊರಳಿಗೆ ಬಿಳಿ ಬಟ್ಟೆ, ಸೊಂಟದಲ್ಲಿ ಪಿಸ್ತೂಲು.

"ಏನು ಸಮಾಚಾರ, ಮೇಡಂ?" ಅಂದ.

ನಾನು ಬ್ಯಾಗಿನಿಂದ ಪಾಸ್‌ಪೋರ್ಟು, ವೀಸಾ ಕಾಗದ, ಸಂಬಳದ ಚೀಟಿ, ಡಿಗ್ರಿಯ ಜೆರಾಕ್ಸು ಎಲ್ಲಾ ತೆಗೆದು ಅವನ ಕಾರಿನ ಡಿಕ್ಕಿ ಮೇಲೆ ಸಾಲಾಗಿ ಹರಡಿದೆ. ಅವನು ಒಂದೊಂದೇ ಎತ್ತಿ ನೋಡಿದ. ಡಿಗ್ರಿಯ ಮೇಲೆ ಕಣ್ಣು ನಿಂತಿತು.

"ಇಂಜಿನಿಯರಿಂಗು, ಅದೂ ಫಸ್ಟ್ ಕ್ಲಾಸು!" ಅಂದ. "ಸೈಕಲ್ ಇಳಿದು ಫುಟ್‌ಪಾತ್ ಮೇಲೆ ತಳ್ಕೊಂಡು ಹೋಗೋದು ಹೊಳೀಲಿಲ್ವಾ?"

ಬೆಂಕಿ

ಒಂದು ಶನಿವಾರ ಯಜಮಾನರು ಕಾರಲ್ಲಿ ಮೊದಲೇ ಗ್ರೋಸರಿ ಅಂಗಡಿಗೆ ಹೋಗಿದ್ದರು. ನಾನು ಲೈಬ್ರರಿ ಮುಗಿಸಿಕೊಂಡು ಸೈಕಲ್ಲಲ್ಲಿ ಬಂದರೆ ಅಂಗಡಿಯ ಎದುರಿನ ಲೇನು ಪೂರ್ತಿ ತುಂಬಿಕೊಂಡು ಕೆಂಪು ಫೈರ್ ಇಂಜಿನ್ನು ನಿಂತಿದೆ!

ನಾನು ಸೈಕಲ್ಲನ್ನು ಅಲ್ಲೇ ಬಿಸಾಕಿ, "ಅಯ್ಯೋ, ಬೆಂಕಿ! ಬೆಂಕಿ!" ಅಂತ ಅರಚುತ್ತ ಒಳಗೆ ನುಗ್ಗಿದೆ. ಯಾರೂ ಮಿಸುಕಲಿಲ್ಲ. ನೋಡಿದರೆ ನಾಲ್ಕು ಜನ ಫೈರ್‌ಮನ್ನುಗಳು ತರಕಾರಿಯ ಹತ್ತಿರ ನಿಂತು ತಮ್ಮ ಸ್ಟೇಷನ್ನಿನ ರಾತ್ರಿಯ ಅಡುಗೆಗೆ ಟೊಮೆಟೊ ಒತ್ತಿ ಒತ್ತಿ ಆರಿಸುತ್ತಿದ್ದಾರೆ. ಅವರು ಬಂದಿದ್ದೇ ಸಾಮಾನು ತರುವುದಕ್ಕೆ.

ಆ ಅಂಗಡಿಯಲ್ಲಿ ಕನ್ನಡ ಗೊತ್ತಿದ್ದವರು ಒಬ್ಬರೇ. ಅವರು ಬುಟ್ಟಿ ಎಸೆದು, ನನ್ನ ಪಕ್ಕದಲ್ಲೇ ಹಾದು, ಬಾಗಿಲು ದಾಟಿ, ರಸ್ತೆಯ ಆಚೆ ಬದಿಗೆ ಹೋಗಿ ನಿಂತಿದ್ದರು.

"ಕಟ್ಕೊಂಡ ಹೆಂಡ್ತೀನ ಒಳಗೆ ಬಿಟ್ಟು ಓಡಿದ್ರಲ್ಲಾ!" ಅಂದೆ.

"ನಿನ್ನ ಹುಡುಕೋಕೇ ಓಡಿದ್ದು ಕಣೇ!" ಅಂದರು.

ಚಕ್ಕುಲಿ

ಅಂಚೆಯವನ ವ್ಯಾನು ದಿನಾ ಬೆಳಿಗ್ಗೆ ಲೇನಿನಲ್ಲೇ. ಒಂದು ದಿನ ಅದನ್ನು ಬಳಸಿ ಹೋಗುವಾಗ ಲಾರಿಯೊಂದು ನನ್ನ ಮೊಣಕೈ ಸವರಿಕೊಂಡು ಹೋಯಿತು. ರಾತ್ರಿಯೆಲ್ಲಾ ಅದೇ ಕಣ್ಣೆದುರು. ಬೆಳಿಗ್ಗೆ ಎದ್ದವಳೇ, "ಇವತ್ತು ಅವನಿಗೆ ಹೇಳೇಬಿಡ್ತೀನಿ" ಅಂದೆ. ಯಜಮಾನರು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಓಡಿ ಬಂದರು.

"ಸುಮ್ನಿರೇ! ಗ್ರೀನ್ ಕಾರ್ಡ್ ಕಾಗದ ಬರೋದು ಆ ವ್ಯಾನಲ್ಲೇ!"

ನನ್ನ ಕೋಪ ಜರ್ರಂತ ಇಳಿಯಿತು. ಬೈಯುವ ಬದಲು ದೀಪಾವಳಿಗೆ ಒಂದು ಡಬ್ಬಿ ಚಕ್ಕುಲಿ ಕೊಟ್ಟೆ. ಅವನಿಗೆ ಬಹಳ ಹಿಡಿಸಿತು. ಮಾರನೇ ದಿನದಿಂದ ವ್ಯಾನು ನಮ್ಮ ಅಪಾರ್ಟ್‌ಮೆಂಟಿನ ಎದುರಿಗೇ ಅರ್ಧ ಗಂಟೆ ಹೆಚ್ಚು ನಿಲ್ಲತೊಡಗಿತು.

ಮುದ್ರೆ ಒತ್ತಿದ ಕವರು

ಒಂದು ಸಂಜೆ ನಗರಸಭೆಯ ಮುದ್ರೆ ಇದ್ದ ಕವರು ಬಂತು, ನನ್ನ ಹೆಸರಿಗೆ. ಸೈಕಲ್ ಲೇನಿನ ವಿಚಾರವಾಗಿ ಬುಧವಾರ ಹತ್ತು ಗಂಟೆಗೆ ಬಂದು ಕಾಣಬೇಕು ಅಂತ ಎರಡೇ ಸಾಲು. ಡಾಟ್ ಕಾಮ್‌ಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ದಿನಗಳವು. ಪಕ್ಕದ ಮನೆಯವರು ಆಗಲೇ ಗಂಟುಮೂಟೆ ಕಟ್ಟಿ ಊರಿಗೆ ಹೋಗಿದ್ದರು. ಮುಂದಿನ ಸರದಿ ನಮ್ಮದೇ ಅನ್ನಿಸಿತು. ಅನ್ನ ಸೇರಲಿಲ್ಲ. ಗಿಲ್‌ರಾಯ್‌ನಲ್ಲಿದ್ದ ಗೆಳತಿಗೆ ಫೋನು ಮಾಡಿದೆ.

"ಯಾವುದಕ್ಕೂ ಸೈನ್ ಹಾಕ್ಬೇಡ ಕಣೇ," ಅಂದಳು. ಆಮೇಲೆ, "ಅಕಸ್ಮಾತ್ ಕಳಿಸಿಬಿಟ್ರೆ, ನಿನ್ನ ಗ್ರೈಂಡರ್ ನಂಗೇ ಕೊಡು," ಅಂದಳು.

ಯಜಮಾನರು ಮಾತ್ರ ಯಾಕೋ ಉಸಿರೇ ಎತ್ತಲಿಲ್ಲ.

ಬುಧವಾರ ಇಬ್ಬರೂ ಹೋದೆವು. ವಯಸ್ಸಾದ ಅಧಿಕಾರಿಣಿ, ಎದುರಿಗೆ ದಪ್ಪ ಫೈಲು. "ನಮ್ಮ ಹೊಸ ವೆಬ್‌ಸೈಟಿಗೆ ಬಂದ ದೂರುಗಳು. ಕಳಿಸಿದ್ದು ನೀವೇನಾ?" ಅಂತ ಫೈಲು ನನ್ನ ಕಡೆ ತಿರುಗಿಸಿದರು. ನಲವತ್ತೊಂದು ಹಾಳೆ. ಎಲ್ಲದರಲ್ಲೂ ನನ್ನ ಹೆಸರು. ಎಲ್ಲದರಲ್ಲೂ ಒಂದೇ ಮಾತು: 'ಸರ್ಕಾರಿ ಗಾಡಿಗಳು ಸೈಕಲ್ ಲೇನಿನಲ್ಲಿ ನಿಲ್ಲುತ್ತವೆ. ನನಗೆ ತುಂಬಾ ಭಯವಾಗುತ್ತದೆ.'

ನಿಧಾನವಾಗಿ ಯಜಮಾನರ ಕಡೆ ತಿರುಗಿದೆ. ಅವರು ನೆಲ ನೋಡುತ್ತಿದ್ದರು. "ನಿನ್ನ ಕಷ್ಟ ನೋಡಕ್ಕಾಗ್ದೆ ಬರೆದೆ. ಸಬ್ಮಿಟ್ ಒತ್ತಿದ್ರೆ ಏನೂ ಆಗ್ಲಿಲ್ಲ. ಮತ್ತೆ ಒತ್ತಿದೆ. ಆಗ್ಲೂ ಆಗ್ಲಿಲ್ಲ..."

ಅಧಿಕಾರಿಣಿ ಕನ್ನಡಕ ತೆಗೆದು ನನ್ನ ಕೈ ಹಿಡಿದುಕೊಂಡರು. "ನನ್ನ ಸರ್ವೀಸಿನಲ್ಲೇ ಇಷ್ಟು ಹೆದರಿದವರನ್ನು ನೋಡಿಲ್ಲ. ಇದನ್ನು ಇಲ್ಲಿಗೇ ಬಿಡುವುದಿಲ್ಲ. ನಾಳೆಯಿಂದ ಆ ರಸ್ತೆಗೆ ಒಬ್ಬ ಇನ್‌ಸ್ಪೆಕ್ಟರನ್ನೇ ಹಾಕುತ್ತೇನೆ. ಒಂದು ಗಾಡಿಯೂ ಲೇನಿನಲ್ಲಿ ನಿಲ್ಲಕೂಡದು!"

ನನಗೆ ಅಳುವೇ ಬಂತು. ಅಂದು ರಾತ್ರಿ ಎಷ್ಟೋ ದಿನಗಳ ಮೇಲೆ ಕಣ್ತುಂಬ ನಿದ್ದೆ ಮಾಡಿದೆ.

ಮಾರನೇ ಬೆಳಿಗ್ಗೆ ನೋಡಿದರೆ ಲೇನು ಬಟಾಬಯಲು. ಹಾಡು ಗುನುಗುತ್ತ ಪೆಡಲ್ ತುಳಿದು ತಿರುವು ದಾಟಿದೆ. ತಕ್ಷಣ ಎರಡೂ ಬ್ರೇಕು ಒತ್ತಿ ಹಿಡಿದೆ. ಲೇನಿನ ಮಧ್ಯಕ್ಕೆ ಸರಿಯಾಗಿ ನಗರಸಭೆಯ ಹೊಚ್ಚಹೊಸ ಕಾರು. ಒಳಗೆ ಕಾಫಿ ಹಿಡಿದು ಕೂತಿದ್ದ ಇನ್‌ಸ್ಪೆಕ್ಟರ್ ಗಾಜು ಇಳಿಸಿ, ಕೈ ಬೀಸಿ ಕೂಗಿದ:

"ಹೆದರಬೇಡಿ ಮೇಡಂ, ಇಲ್ಲಿ ಯಾರಿಗೂ ಗಾಡಿ ನಿಲ್ಲಿಸೋಕೆ ಬಿಡಲ್ಲ ನಾನು!"