ಅಳಿಯನ ಬ್ಯಾಕಪ್ಪು

ಎಲ್ಲ ರಾದ್ಧಾಂತಕ್ಕೂ ಮೂಲ ಆಫೀಸಿನ ಲೆಕ್ಕ ಬರೆಯುವ ಅಕ್ಕನ ತಲೆನೋವು. ಅಸಲಿ ಡೇಟಾಬೇಸಿನ ಪರದೆಗೆ ಕೆಂಪು, ಅಭ್ಯಾಸದ ನಕಲಿಗೆ ಹಸಿರು ಬಣ್ಣ ಇರಲಿ ಎಂದು ತರಬೇತಿಯ ಮೇಷ್ಟ್ರು ಹೇಳಿಹೋಗಿದ್ದರು. ಪಕ್ಕದ ಮೇಜಿನ ಈ ಅಕ್ಕನಿಗೆ ಕೆಂಪು ಕಂಡರೆ ಕಣ್ಣುರಿ, ತಲೆಶೂಲೆ. ನಮ್ಮ ಅಳಿಯ ದಾಕ್ಷಿಣ್ಯದ ಪ್ರಾಣಿ. ಎರಡನ್ನೂ ಹಸಿರು ಮಾಡಿಬಿಟ್ಟ.

ಅದೊಂದು ವಧೂವರರ ಕೇಂದ್ರ. ಅಲ್ಲಿ ಗುಮಾಸ್ತನಾಗಿದ್ದವನು ಅಲ್ಲಿನ ಕಂಪ್ಯೂಟರಿನಲ್ಲೇ ಹೆಂಡತಿಯನ್ನು ಹುಡುಕಿಕೊಂಡು ಎರಡು ವರ್ಷದ ಹಿಂದೆ ಮದುವೆಯಾದ್ದರಿಂದ ಇಡೀ ಆಫೀಸಿಗೆ ಅವನು ಅಳಿಯ. ಇವತ್ತು ಸಂಜೆ ಯಜಮಾನರೆದುರು ಅವನಿಗೆ ಪರೀಕ್ಷೆ: ನಕಲನ್ನು ಬೇಕೆಂದೇ ಅಳಿಸಿ, ಮೊದಲೇ ಎತ್ತಿಟ್ಟ ಬ್ಯಾಕಪ್‌ನಿಂದ ಮತ್ತೆ ತರಬೇಕು. ತಂದರೆ ಡೇಟಾಬೇಸಿನ ಉಸ್ತುವಾರಿ, ಖಾಯಂ ಕೆಲಸ. ಇಲ್ಲವಾದರೆ ವರನ ತಾಯಂದಿರ ಫೋನಿಗೆ ಉತ್ತರ ಕೊಡುವ ಹಳೆಯ ಕುರ್ಚಿಯೇ ಗತಿ. ಆ ಕುರ್ಚಿ ನೆನೆದರೆ ಅವನ ಕಿವಿ ಇಂದಿಗೂ ಗುಂಯ್ ಎನ್ನುತ್ತದೆ.

ಕೈಯಾರೆ ಕೆಡಿಸದೆ ಕಲಿಯಲಾಗದು ಎಂಬುದು ಮೇಷ್ಟ್ರ ಮಂತ್ರ. ಹೀಗೆ ಕೆಡಿಸುತ್ತ ಕಟ್ಟುತ್ತ ನಲವತ್ತಾಗುತ್ತ ಬಂದರೂ ಅವರಿಗೆ ಮದುವೆಯಾಗಿರಲಿಲ್ಲ. ಅವರ ಅರ್ಜಿಯೂ ಇದೇ ಕೇಂದ್ರದಲ್ಲಿ ನಾಲ್ಕು ವರ್ಷದಿಂದ ಧೂಳು ತಿನ್ನುತ್ತಿತ್ತು. ಬೆಳಿಗ್ಗೆ ಅಳಿಯ ಒಮ್ಮೆ ಕೈ ಪಳಗಿಸಿಕೊಳ್ಳೋಣವೆಂದು ಅಳಿಸುವ ಗುಂಡಿ ಒತ್ತಿದ. ಅದೇ ಗಳಿಗೆಗೆ ಅಕ್ಕ ಕೂಗಿದಳು.

“ಏ, ನನ್ನ ಸ್ಕ್ರೀನಲ್ಲಿ ಒಂದು ಹೆಣ್ಣೂ ಇಲ್ಲ, ಒಂದು ಗಂಡೂ ಇಲ್ಲ ಕಣೋ.”

ಅಳಿಯ ತನ್ನ ಪರದೆಯತ್ತ ನೋಡಿದ. ಎರಡೂ ಹಸಿರು, ಅಸಲಿಯನ್ನೇ ಅಳಿಸಿದೆನೆಂದು ಅವನಿಗೆ ಖಾತ್ರಿಯಾಯಿತು. ಕಂಪ್ಯೂಟರ್ ಆರಿಸಿ ಹಚ್ಚು ಎಂದಳು ಅಕ್ಕ. ಯಜಮಾನರಿಗೆ ಹೇಳಿಬಿಡು ಎಂದಳು. ನಿನ್ನ ಗ್ರಹಚಾರ ಎಂದೂ ಸೇರಿಸಿದಳು. ಅವನು ಬ್ಯಾಕಪ್‌ಗಳನ್ನು ತಡಕಾಡಿದ. ಹೋದ ವಾರದ್ದು ಖಾಲಿ. ಹೋದ ತಿಂಗಳದ್ದೂ ಖಾಲಿ. ಇಷ್ಟು ದಿನ ಒಂದನ್ನಾದರೂ ಯಾರೂ ತೆರೆದು ನೋಡಿರಲಿಲ್ಲ. ಕೊನೆಗೆ ತೆರೆದುಕೊಂಡದ್ದು ಮೂರು ವರ್ಷ ಹಳೆಯದು. ಏನಾದರಾಗಲಿ ಎಂದು ಅದನ್ನೇ ಅಸಲಿಯ ಮೇಲೆ ಸುರಿದ.

ಅಷ್ಟರಲ್ಲಿ ಅಕ್ಕ ಮೇಜಿನಡಿಯಿಂದ ಎದ್ದು, ತನ್ನ ಕಾಲು ತಾಗಿ ನೆಟ್‌ವರ್ಕಿನ ವೈರು ಕಿತ್ತುಹೋಗಿತ್ತು, ಈಗ ಎಲ್ಲ ಸರಿಯಾಯಿತು ಎಂದಳು.

ಅಂದರೆ ಅವನು ಅಳಿಸಿದ್ದು ನಕಲನ್ನೇ. ನೆಟ್ಟಗಿದ್ದ ಅಸಲಿಗೆ ಮಣ್ಣು ಹಾಕಿದ್ದು ಈಗ.

ಆ ಕಂಪ್ಯೂಟರಿಗೊಂದು ಚಾಳಿಯಿತ್ತು. ಹೆಸರುಗಳು ಬಂದು ಬಿದ್ದೊಡನೆ ತಾನೇ ಜೋಡಿ ಕೂಡಿಸಿ, ಇಬ್ಬರ ಫೋನಿಗೂ ಫೋಟೋ ಸಮೇತ ಸುದ್ದಿ ಕಳಿಸಿಬಿಡುತ್ತಿತ್ತು. ಈ ಮೂರು ವರ್ಷದಲ್ಲಿ ಮದುವೆಯಾದವರೆಲ್ಲ ಮತ್ತೆ ಕನ್ಯೆಯರು, ಬ್ರಹ್ಮಚಾರಿಗಳು. ಆಫೀಸಿನ ಫೋನು ಬಡಿದುಕೊಳ್ಳತೊಡಗಿತು. ಬೈಯುವವರೇ ಎಲ್ಲ, ಒಬ್ಬ ಗಂಡ ಮಾತ್ರ ತಗ್ಗಿದ ದನಿಯಲ್ಲಿ ಹುಡುಗಿಯ ಎತ್ತರ ವಿಚಾರಿಸಿದ.

ಅಳಿಯನ ಹೆಂಡತಿಯೂ ಫೋನು ಮಾಡಿದಳು.

“ರೀ, ನಿಮ್ಮ ಆಫೀಸಿಂದ ನನಗೊಂದು ಗಂಡು ಬಂದಿದೆ. ಹೊಂದಾಣಿಕೆ ನೂರಕ್ಕೆ ತೊಂಬತ್ತಂತೆ. ನಮ್ಮಿಬ್ಬರದು ಎಷ್ಟಿತ್ತು?”

ಮೂವತ್ತೈದಿತ್ತು. ಹುಡುಗನದು ಖಾಯಂ ಕೆಲಸವಂತೆ ಎಂದು ಸೇರಿಸಿ ಅವಳು ಫೋನಿಟ್ಟಳು.

ಯಜಮಾನರು ಕೆಂಡಾಮಂಡಲವಾಗಿ ಮೇಷ್ಟ್ರನ್ನು ಕರೆಸಿದರು. ಮೇಷ್ಟ್ರು ಇಸ್ತ್ರಿ ಅಂಗಿ ತೊಟ್ಟು, ಸೆಂಟು ಪೂಸಿಕೊಂಡು ಬಂದರು. ಪಾಠಕ್ಕೆಂದು ನಿನ್ನೆ ತೆಗೆದ ಅಸಲಿಯ ಪ್ರತಿ ತಮ್ಮ ಬಳಿ ಇದೆ, ತಾವೇ ಪರೀಕ್ಷಿಸಿ ನೋಡಿದ್ದಾಗಿದೆ, ಹಾಕಿಕೊಡುತ್ತೇನೆ ಎಂದರು. ಅಳಿಯನಿಗೆ ಹೋದ ಜೀವ ಬಂದಂತಾಯಿತು. ಅವರ ಕಾಲಿಗೆ ಬೀಳುವುದೊಂದು ಬಾಕಿ.

“ಆದ್ರೆ ಅದಕ್ಕೂ ಮೊದಲು...” ಮೇಷ್ಟ್ರು ನಾಚಿಕೊಂಡು ತಮ್ಮ ಫೋನು ಚಾಚಿದರು. “ಈ ಹುಡುಗಿ ಈಗ ಎಲ್ಲಿದ್ದಾರೆ, ವಿಳಾಸ ಬರ್ಕೊಡಿ.”

ಫೋಟೋ ನೋಡಿ ಅಕ್ಕ ಬಾಯಿಯ ಮೇಲೆ ಕೈಯಿಟ್ಟಳು. ಅಳಿಯ ಬಾಯಿ ತೆರೆಯುವಷ್ಟರಲ್ಲಿ ಯಜಮಾನರು ಅವನ ಕಾಲು ತುಳಿದು, ಕಿವಿಯಲ್ಲಿ ಪಿಸುಗುಟ್ಟಿದರು.

“ತೆಪ್ಪಗೆ ಬರ್ಕೊಡಿ ಅಳಿಯಂದ್ರೇ. ಮೊದಲು ಡೇಟಾ ಬರಲಿ.”

ಅಳಿಯ ಪೆನ್ನು ತೆಗೆದು ತನ್ನ ಮನೆಯ ವಿಳಾಸ ಬರೆಯತೊಡಗಿದ.