ಗೇಟಿನ ಮುಂದ ನಿಲ್ಲಂಗಿಲ್ಲ ನನ್ನ ದೋಣಿ

ಕೂಡಲಸಂಗಮದ ಹೊಳಿಯಾಗ ಮಂದೀನ ದಾಟಿಸೋ ಕಟಗಿ ದೋಣಿಗೆ ಹುಟ್ಟು ಹಾಕಾಕಿ ನಾ. ದಿನಾ ಒಬ್ಬರರ ಬಂದು ದೋಣಿ ಬಗ್ಗೆ ನನಗ ಬುದ್ಧಿ ಹೇಳದಿದ್ರ ನಮ್ಮ ದಂಡಿಗೆ ಹೊತ್ತು ಮುಳುಗಂಗಿಲ್ಲ.

ಹೂವಿನ ಗಿಡ

ಕೆರೂರ ಕಡೆ ಹೊಸಾ ಧಾಬಾ ತಗದಾವ್ರೊಬ್ರು ಬಂದ್ರು. "ಅಕ್ಕಾರ, ಈ ದೋಣಿ ನಮಗ ಕೊಡ್ರಿ. ಗೇಟಿನ ಮುಂದ ಇಟ್ಟು, ಒಳಗ ಮಣ್ಣು ತುಂಬಿ ಹೂವಿನ ಗಿಡ ಹಚ್ತೇವಿ. ನಿಮ್ಮ ಪರಂಪರಾ ಉಳೀತೈತಿ," ಅಂದ್ರು.

ನಮ್ಮಪ್ಪ ಕೈಯಾರೆ ಮಾಡಿದ ದೋಣಿ ಅದು. ನನಗ ಮೈಯೆಲ್ಲಾ ಉರೀತು. "ಮೊದಲ ನಿಮ್ಮ ಕಾರಿನ್ಯಾಗ ಬದನಿ ಹಚ್ಚಿ ತೋರಸ್ರಿ, ಆಮ್ಯಾಲ ಮಾತಾಡೂನು," ಅಂದ್ನಿ.

ನನ್ನ ಗಂಡ ಬಾಜೂಕ ಕರದು, "ಕೊಟ್ಬಿಡ. ಇದರ ಹಿಂದ ಎಷ್ಟಂತ ಒದ್ದಾಡ್ತಿ?" ಅಂದ.

"ಬೇಕಾದ್ರ ನಿನ್ನ ಒಯ್ದು ಗೇಟಿಗೆ ನಿಲ್ಲಸ್ಲಿ," ಅಂತ ಅವರಿಗೂ ಕೇಳೂವಂಗ ಹೇಳಿದ್ನಿ. ಧಾಬಾದವ್ರು ಅವನ್ನ ಮ್ಯಾಲಿಂದ ಕೆಳಗ ನೋಡಿ, ಬ್ಯಾಡ್ರಿ ಅಂದ್ರು.

ಫೋಟೋ

ಇಳಕಲ್‌ದಿಂದ ಮದವಿ ಗೊತ್ತಾದ ಜೋಡಿ ಬಂದಿತ್ತು, ಸಂಗಡ ಒಬ್ಬ ಫೋಟೋದಾವ. "ಅಕ್ಕಾರ, ನೀವು ಫೋಟೋದಾಗ ಬರಬ್ಯಾಡ್ರಿ, ಇಳೀರಿ," ಅಂದ ಅವ. ದೋಣಿಗೆ ಉದ್ದನ್ನ ಹಗ್ಗ ಕಟ್ಟಿ, ಹುಟ್ಟು ಹುಡುಗನ ಕೈಗೆ ಕೊಟ್ಟು ಇಳದ್ನಿ. ಹುಡುಗ ಹುಟ್ಟು ಒಂದ ಕಡೆನ ಜಗ್ಗಿದ. ದೋಣಿ ಗಾಣದ ಎತ್ತಿನಂಗ ಸುತ್ತಾಕ ಹತ್ತಿತು. ಕಡೀಕ ಹುಡುಗಿ ಸೆರಗು ಸೊಂಟಕ್ಕ ಸಿಗಿಸಿ, ಹುಟ್ಟು ಕಸಗೊಂಡು ಸೀದಾ ನಡಸಿದ್ಳು.

ಫೋಟೋದಾವ ನನ್ನ ಕಡೆ ತಿರುಗಿ, "ಅಕ್ಕಾರ, ಈಗ ಹುಡುಗನ್ನ ಇಳಸೂನೇನ್ರಿ?" ಅಂದ.

ಮುಳುಗಿದ ದೋಣಿ

ಬ್ಯಾಸಗಿಯಾಗ ದೋಣಿ ಒಣಗಿ ಹಲಗಿ ನಡುವ ಸಂದಿ ಬಿಡತೈತಿ. ಅದಕ್ಕ ಕಲ್ಲು ಹೇರಿ, ದಂಡಿ ಹತ್ರನ ನೀರಾಗ ಮುಳುಗಿಸಿ ಇಡ್ತೇವಿ. ಕಟಗಿ ನೀರು ಕುಡದು ಉಬ್ಬಿ ಸಂದಿ ಮುಚ್ಚತೈತಿ. ಧಾಬಾದವ್ರಿಗೆ ಇದೆಲ್ಲಾ ಎಲ್ಲಿ ಗೊತ್ತು? ನನ್ನ ದೋಣಿ ಮುಳುಗೇತಿ ಅಂತ ಯಾರೋ ಹೇಳಿದ್ದ ತಡ, ಸತ್ತ ಮನಿಗೆ ಬಂದಂಗ ಮಾರಿ ಸಣ್ಣದು ಮಾಡ್ಕೊಂಡು ಬಂದ್ರು. ಸಂಗಡ ಹೊಳಿ ಆಚಿ ದಂಡಿ ಮಂದೀನ ಆಳು ಹಚ್ಕೊಂಡಿದ್ರು.

"ಆಗಿದ್ದು ಆಗಿ ಹೋತ್ರಿ ಅಕ್ಕಾರ. ನಾವ ಮ್ಯಾಲ ಎತ್ತಿ ಒಯ್ತೇವಿ," ಅಂದ್ರು.

ನನ್ನ ಗಂಡ ಬಾಯಿ ತಗ್ಯಾಕ ಹೋದ. ಅವನ ಕಾಲು ತುಳದು, "ಎತ್ತ್ರಿ," ಅಂದ್ನಿ.

ಆಳುಗಳು ಕಲ್ಲು ತಗದು, ನೀರು ಚೆಲ್ಲಿ ದೋಣಿ ತೇಲಿಸಿದ್ರು. ಹನಿ ನೀರು ಒಳಗ ಬರಲಿಲ್ಲ. ನಾ ಹತ್ತಿ ಹುಟ್ಟು ಹಿಡದ್ನಿ.

"ಎಲ್ಲಿಗ್ರಿ ಅಕ್ಕಾರ?" ಅಂದ್ರು ಧಾಬಾದವ್ರು ಗಾಬರಿಯಾಗಿ.

"ಆಚಿ ದಂಡಿಗೆ. ನಾ ಇರೂತನಕ ಇದು ಹೊಳಿಯಾಗನ ಇರತೈತಿ. ಯಾರರ ಬರಾವ್ರು ಅದೀರೇನು?" ಅಂದ್ನಿ.

ಅವರ ಆಳುಗಳೆಲ್ಲಾ ಚಪ್ಲಿ ಕೈಯಾಗ ಹಿಡಕೊಂಡು ಹತ್ತಿ ಕುಂತ್ರು. ದೋಣಿ ನಾವ ಮುಳುಗಿಸಿಟ್ಟಿದ್ದು ಅವರಿಗೆ ಮೊದಲಿಂದನೂ ಗೊತ್ತಿತ್ತು. ಸಂಜಿಕ ಮನಿಗೆ ಹೋಗಾಕ ದೋಣಿ ಬೇಕಿತ್ತು, ಅಷ್ಟ.